ಊರಿಗೆ ಬರೆದ ಕಾಗದಗಳು

ಪರದೇಶಕ್ಕೆ ಹೋದವರು ತಮ್ಮ ಮನೆಯವರಿಗೆ ಬರೆದ ಕಾಗದಗಳನ್ನು ಓದುವುದರಲ್ಲಿ ಒಂದು ಬಗೆಯ ಸ್ವಾರಸ್ಯವುಂಟು. ಚರಿತ್ರಕಾರನ ಗ್ರಂಥದಲ್ಲಿ ಎಲ್ಲವೂ ಮುಗಿದುಹೋದ ಸಂಗತಿ. ಯಾರು ಗೆದ್ದರು, ಯಾರು ಸೋತರು, ಯಾರ ಮಾತು ನಿಜವಾಯಿತು ಎಂಬುದು ಬರೆಯುವವನಿಗೆ ಮೊದಲೇ ಗೊತ್ತು. ಕಾಗದದಲ್ಲಿ ಹಾಗಲ್ಲ. ಅದನ್ನು ಬರೆದವರಿಗೆ ಮುಂದಿನ ವಾರದ ವಿಚಾರವೇ ತಿಳಿಯದು. ಇಂದು ಕೋಪ ಬಂದಿತ್ತು, ಬರೆದರು. ನಾಳೆ ಕೋಪ ಇಳಿಯಿತು, ಇಳಿದುದನ್ನು ಬರೆಯಲು ಮರೆತರು. ಕೋಪದ ಕಾಗದ ಮಾತ್ರ ಪೆಟ್ಟಿಗೆಯಲ್ಲಿ ಭದ್ರವಾಗಿ ಉಳಿಯಿತು.

ಆದರೆ ಆ ಕಾಗದಗಳು ನಮ್ಮ ದೇಶವನ್ನೇ, ನಮ್ಮ ಮನೆ ಮಠಗಳನ್ನೇ ಕುರಿತವಾಗಿದ್ದರೆ ಸ್ವಾರಸ್ಯದ ಸಂಗಡ ಸ್ವಲ್ಪ ಮುಜುಗರವೂ ಕೂಡಿಕೊಳ್ಳುತ್ತದೆ. ಅತಿಥಿಯೊಬ್ಬರು ನಮ್ಮ ಮನೆಯಲ್ಲಿ ಊಟಮಾಡಿ, ಕೊಠಡಿಗೆ ಹೋಗಿ, ಬಾಗಿಲು ಹಾಕಿಕೊಂಡು ತಮ್ಮವರ ಸಂಗಡ ಆಡಿದ ಮಾತು ನಮ್ಮ ಕಿವಿಗೆ ಬಿದ್ದಂತೆ ಅದು. ನಮಗಾಗಿ ಆಡಿದ ಮಾತಲ್ಲ. ಆದರೂ ಕೇಳದೆ ಇರಲಾರೆವು.

ಈ ಹೊತ್ತು ನಾನು ತಮ್ಮ ಮುಂದೆ ಅರಿಕೆಮಾಡಬೇಕೆಂದಿರುವುದು 1872ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತೆಗೆ ಬಂದ ಆನೆಟ್ ಆಕ್ರಾಯ್ಡ್ ಎಂಬ ತರುಣಿಯ ಕಾಗದಗಳ ವಿಚಾರ. ಹೆಸರು ನಮ್ಮಲ್ಲಿ ಬಹುಮಂದಿಗೆ ಅಪರಿಚಿತವಾದುದು. ಆಕೆಯ ಮಗನ ಹೆಸರನ್ನು ತಾವು ಕೇಳಿರಬಹುದು. ಬಡತನ, ರೋಗ, ನಿರುದ್ಯೋಗಗಳಿಂದ ಪ್ರಜೆಗಳನ್ನು ರಕ್ಷಿಸುವುದು ಹೇಗೆಂಬ ವಿಚಾರವಾಗಿ 1942ರಲ್ಲಿ ಇಂಗ್ಲೆಂಡಿನ ಸರ್ಕಾರಕ್ಕೆ ಪ್ರಸಿದ್ಧವಾದ ವರದಿಯನ್ನು ಒಪ್ಪಿಸಿದ ವಿಲಿಯಂ ಬೆವರಿಜ್ ಆಕೆಯ ಮಗ. ನಮ್ಮ ಬಂಗಾಳದ ರಂಗಪುರದಲ್ಲಿ 1879ರಲ್ಲಿ ಹುಟ್ಟಿದವನು. ಈತನು ತನ್ನ ತಾಯಿತಂದೆಗಳ ಕಾಗದಪತ್ರಗಳನ್ನೆಲ್ಲ ಸೇರಿಸಿ, ಅವುಗಳ ಆಧಾರದ ಮೇಲೆ ‘ಇಂಡಿಯಾ ಕಾಲ್ಡ್ ದೆಮ್’ ಎಂಬ ಗ್ರಂಥವನ್ನು ಬರೆದನು. ‘ಭಾರತವು ಅವರನ್ನು ಕರೆಯಿತು’ ಎಂದು ಅದರ ಅರ್ಥ. ಗ್ರಂಥ ಅಚ್ಚಾದುದು 1947ರಲ್ಲಿ. ಕರೆದ ದೇಶವೇ ಬೀಳ್ಕೊಟ್ಟ ವರ್ಷವೂ ಅದೇ ಆದುದು ಕಾಕತಾಳೀಯವಿರಬೇಕು.

ಆನೆಟ್ ಹುಟ್ಟಿದ್ದು 1842ರಲ್ಲಿ, ಸ್ಟೌರ್‌ಬ್ರಿಜ್ ಎಂಬ ಊರಿನಲ್ಲಿ. ತಂದೆ ಸ್ವಪ್ರಯತ್ನದಿಂದ ಮೇಲಕ್ಕೆ ಬಂದ ವ್ಯಾಪಾರಸ್ಥ. ಮತದಲ್ಲಿ ಯೂನಿಟೇರಿಯನ್ ಪಂಥದವನು, ಎಂದರೆ ತ್ರಿಮೂರ್ತಿತ್ವವನ್ನು ಒಪ್ಪದೆ ಏಕದೇವನನ್ನು ಮಾತ್ರ ನಂಬುವ ಉದಾರಿಗಳ ಗುಂಪಿಗೆ ಸೇರಿದವನು. ಮಗಳನ್ನು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಓದಿಸಿದನು. ಆಗ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಪದವಿ ಸಿಕ್ಕುತ್ತಿರಲಿಲ್ಲವೆಂಬುದನ್ನು ನಾವು ನೆನಪಿನಲ್ಲಿಡಬೇಕು. ಓದು ಮುಗಿದ ಬಳಿಕ, ದುಡಿದು ತಿನ್ನುವ ಹೆಂಗಸರಿಗಾಗಿ 1864ರಲ್ಲಿ ಲಂಡನ್ನಿನಲ್ಲಿ ತೆರೆದ ಕಾಲೇಜಿನ ಕೆಲಸದಲ್ಲಿ ಆಕೆ ಕೈಗೂಡಿಸಿದಳು. 1869ರಲ್ಲಿ ತಂದೆ ತೀರಿಕೊಂಡನು. ಮದುವೆಯಿಲ್ಲ, ಕೈಯಲ್ಲಿ ವಿದ್ಯೆಯಿದೆ, ಮನಸ್ಸಿನಲ್ಲಿ ಏನಾದರೂ ಮಾಡಬೇಕೆಂಬ ತಳಮಳವಿದೆ. ಆದರೆ ಮಾಡುವುದೇನೆಂದು ಹೇಳುವವರಿಲ್ಲ. ಇಂಥ ಹೊತ್ತಿನಲ್ಲಿ ಕೇಶವಚಂದ್ರಸೇನರು ಲಂಡನ್ನಿಗೆ ಬಂದರು.

1870ರಲ್ಲಿ ಕೇಶವಚಂದ್ರರು ಇಂಗ್ಲೆಂಡಿನಲ್ಲಿ ಮಾಡಿದ ಪ್ರವಾಸದ ಸಡಗರವನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಬ್ರಾಹ್ಮಸಮಾಜದ ಈ ಮುಖಂಡರಿಗೆ ಆಗ ಮೂವತ್ತೆರಡು ವರ್ಷ ಕೂಡ ತುಂಬಿರಲಿಲ್ಲ. ಅವರ ವಾಕ್‌ಪ್ರವಾಹಕ್ಕೆ ಇಂಗ್ಲಿಷರೇ ಬೆರಗಾದರು. ರಾಣಿ ವಿಕ್ಟೋರಿಯಾ ಅವರನ್ನು ಬರಮಾಡಿಕೊಂಡಳು. ಲಂಡನ್ನಿನ ಒಂದು ಸಭೆಯಲ್ಲಿ ಅವರು ಭಾರತದ ಸ್ತ್ರೀಯರ ಸ್ಥಿತಿಯನ್ನು ಕುರಿತು ಮಾತನಾಡಿ, ವಿದ್ಯಾವತಿಯರಾದ ಇಂಗ್ಲಿಷ್ ಮಹಿಳೆಯರು ಭಾರತಕ್ಕೆ ಬಂದು, ಮತಾಂತರದ ಗೊಡವೆಯಿಲ್ಲದೆ, ತಮ್ಮ ಸೋದರಿಯರಿಗೆ ವಿದ್ಯೆ ಕಲಿಸಬೇಕೆಂದು ಬೇಡಿಕೊಂಡರು. ಸಭೆಯಲ್ಲಿ ಚಪ್ಪಾಳೆ ತಟ್ಟಿದವರು ಬಹುಮಂದಿ. ಕಲ್ಕತ್ತೆಗೆ ಹೊರಟುಬಂದವಳು ಆನೆಟ್.

ಇಂದಾದರೆ ಹೀಗೆ ಹೊರಡುವವರಿಗೆ ದಾರಿ ಸಿದ್ಧವಾಗಿದೆ. ಇಂಗ್ಲೆಂಡಿನಲ್ಲಿ 1958ರಲ್ಲಿಯೂ ಅಮೆರಿಕದಲ್ಲಿ 1961ರಲ್ಲಿಯೂ, ತರುಣರನ್ನು ಸ್ವಯಂಸೇವಕರಾಗಿ ಹೊರದೇಶಗಳಿಗೆ ಕಳುಹಿಸುವ ಸಂಸ್ಥೆಗಳು ಹುಟ್ಟಿದುವು. ಅಮೆರಿಕದ ಸಂಸ್ಥೆಯಿಂದ ಹೊರಟ ಮೊದಲ ತಂಡವೇ ಉಪಾಧ್ಯಾಯರದು. ಅವರು ಆಫ್ರಿಕದ ಘಾನಾ ದೇಶದ ಪ್ರೌಢಶಾಲೆಗಳಿಗೆ ಹೋದರು. ಇಂಥವರಿಗೆ ಕೆಲಸಕ್ಕೆ ತೊಡಗುವ ಮುನ್ನ ಭಾಷೆ ಕಲಿಸುತ್ತಾರೆ, ರೀತಿನೀತಿಗಳನ್ನು ತಿಳಿಸುತ್ತಾರೆ, ಇಂತಿಷ್ಟು ಕಾಲವೆಂದು ಗೊತ್ತುಮಾಡುತ್ತಾರೆ. ಆನೆಟ್ಟಳಿಗೆ ಇದಾವುದೂ ಇರಲಿಲ್ಲ. ಆಕೆಯನ್ನು ಸರ್ಕಾರ ಕಳುಹಿಸಿರಲಿಲ್ಲ, ಪಾದ್ರಿಗಳ ಸಂಘವೂ ಕಳುಹಿಸಿರಲಿಲ್ಲ. ಒಂದು ಭಾಷಣವನ್ನು ನಂಬಿ, ಎರಡು ವರ್ಷ ಯೋಚಿಸಿ, ಹಡಗು ಹತ್ತಿದಳು. 1872ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಇಳಿದಾಗ ಆಕೆಗೆ ಸರಿಯಾಗಿ ಮೂವತ್ತು ವರ್ಷ.

ಅಂದಿನಿಂದ ಕಾಗದಗಳು ಮೊದಲಾಗುತ್ತವೆ. ಬಹುಪಾಲು ಸೋದರಿ ಫ್ಯಾನಿಗೆ ಬರೆದವು. ಸೂಯೆಜ್ ಕಾಲುವೆ ತೆರೆದು ಆಗ ಮೂರು ವರ್ಷವಾಗಿತ್ತು. ಕಲ್ಕತ್ತೆಯ ಕಾಗದ ಇಂಗ್ಲೆಂಡನ್ನು ಸೇರಲು ಮೂರು ನಾಲ್ಕು ವಾರ ಹಿಡಿಯುತ್ತಿತ್ತು, ಉತ್ತರ ಬರಲು ಮತ್ತೆ ಅಷ್ಟೇ. ಇಲ್ಲಿ ಜಗಳವಾದ ಸುದ್ದಿಗೆ ಅಲ್ಲಿಂದ ಸಮಾಧಾನದ ಮಾತು ಬರುವ ಹೊತ್ತಿಗೆ ಇಲ್ಲಿ ಎರಡನೆಯ ಜಗಳ ನಡೆಯುತ್ತಿರುತ್ತದೆ. ಇಂಥ ಕಾಗದವನ್ನು ಸಂಭಾಷಣೆಯೆಂದು ಹೇಳಲಾಗದು. ಅರ್ಧ ದಿನಚರಿ, ಅರ್ಧ ಅಹವಾಲು.

ನಮ್ಮ ಹಳೆಯ ಪದ್ಧತಿಯ ಕಾಗದಗಳೊಡನೆ ಇವನ್ನು ಹೋಲಿಸಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ‘ತೀರ್ಥರೂಪು ಅವರ ಪಾದಾರವಿಂದಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ’ ಎಂದು ಮೊದಲುಮಾಡಿ, ‘ಆಗಾಗ್ಗೆ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯಿಸುತ್ತಿರಬೇಕು’ ಎಂದು ಮುಗಿಸುವ ನಮ್ಮ ಕಾಗದಗಳಲ್ಲಿ ಬರೆದವನ ಮನಸ್ಸು ಕಾಣುವುದೇ ಅಪರೂಪ. ಮಗ ಕಾಶಿಯಲ್ಲಿ ಹಸಿದು ಮಲಗಿದ್ದರೂ ಕಾಗದದಲ್ಲಿ ಕ್ಷೇಮ. ಕಾಗದವನ್ನು ಜಗಲಿಯ ಮೇಲೆ ಹತ್ತು ಜನರ ನಡುವೆ ಗಟ್ಟಿಯಾಗಿ ಓದುತ್ತಾರೆಂಬುದು ಅವನಿಗೆ ಗೊತ್ತು. ಆನೆಟ್ಟಳ ಕಾಗದಗಳನ್ನು ಓದುವವಳು ಸೋದರಿಯೊಬ್ಬಳು. ಹೆಚ್ಚೆಂದರೆ ನಾಲ್ಕಾರು ಗೆಳತಿಯರು. ಅವಳು ವರ್ಣಿಸುವ ಜನರಾರೂ ಅದನ್ನು ಎಂದೂ ಓದುವುದಿಲ್ಲವೆಂಬ ಧೈರ್ಯ ಪ್ರತಿಯೊಂದು ಸಾಲಿನಲ್ಲಿಯೂ ಇದೆ. ಸತ್ಯ ಹೊರಬೀಳುವುದೂ ಆ ಧೈರ್ಯದಿಂದಲೇ, ಅನ್ಯಾಯ ಹೊರಬೀಳುವುದೂ ಅದರಿಂದಲೇ.

ಬಂದ ಕೆಲವು ದಿನಗಳಲ್ಲಿಯೇ ಆಕೆ ಕೇಶವಚಂದ್ರರ ಮನೆಗೆ ಹೋದಳು. ಲಂಡನ್ನಿನಲ್ಲಿ ಸ್ತ್ರೀಸ್ವಾತಂತ್ರ್ಯವನ್ನು ಕುರಿತು ಅಷ್ಟು ಮಾತನಾಡಿದವರ ಮಡದಿಯನ್ನು ಕಾಣುವ ಕುತೂಹಲ ಸಹಜವೇ. ಕಂಡದ್ದೇನು? ಆಕೆಗೆ ಇಂಗ್ಲಿಷು ಬಾರದು. ಮೈತುಂಬ ಒಡವೆ. ಅರ್ಥವುಳ್ಳ ಮಾತುಕತೆಗೆ ತೊಡಗದೆ, ಮುದ್ದಿನಿಂದ ಬೆಳೆದ ಮಗುವಿನಂತೆ ಆ ಒಡವೆಗಳ ಸಂಗಡ ಆಡುತ್ತ ಕುಳಿತಿದ್ದಳು. ಆನೆಟ್ಟಳಿಗೆ ಬಹಳ ನಿರಾಶೆಯಾಯಿತು. ಒಡವೆಯ ಪ್ರದರ್ಶನ ಆಕೆಗೆ ಅನಾಗರಿಕತೆಯಾಗಿ ಕಂಡಿತು.

ಶ್ರೋತೃಗಳಲ್ಲಿ ಹೆಂಗಸರು ಈ ಚಿತ್ರವನ್ನು ಕೇಳಿದೊಡನೆ ಬೇರೊಂದನ್ನು ಕಂಡಿರಬೇಕು. ಪರದೇಶದ ಹೆಂಗಸೊಬ್ಬಳು ಮನೆಗೆ ಬರುತ್ತಾಳೆಂದು ಹೇಳಿ ಗಂಡ ಹೋಗಿದ್ದಾನೆ. ಗೌರವಾರ್ಥವಾಗಿ, ಪೆಟ್ಟಿಗೆಯಲ್ಲಿದ್ದ ಒಡವೆಗಳನ್ನೆಲ್ಲ ತೆಗೆದು ಹಾಕಿಕೊಂಡದ್ದಾಗಿದೆ. ಬಂದವಳ ಭಾಷೆ ತನಗೆ ಬಾರದು, ತನ್ನ ಭಾಷೆ ಅವಳಿಗೆ ಬಾರದು. ಅವಳು ನೆಟ್ಟ ನೋಟದಿಂದ ನೋಡುತ್ತಿದ್ದಾಳೆ. ಆಗ ಕೈ ಬಳೆಯ ಮೇಲಲ್ಲದೆ ಮತ್ತೆಲ್ಲಿಗೆ ಹೋದೀತು? ನಮ್ಮ ಮನೆಗಳಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಚಾಪೆಯ ಮೇಲೆ ಕುಳಿತ ಹುಡುಗಿ ಸರದ ಪದಕವನ್ನು ತಿರುಗಿಸುತ್ತಿರುವುದನ್ನು ನೋಡಿ, ಇವಳಿಗೆ ಬುದ್ಧಿಯಿಲ್ಲವೆಂದು ಯಾರೂ ತೀರ್ಮಾನಿಸುವುದಿಲ್ಲ.

ಇದು ನನ್ನ ಊಹೆ, ಮುಂದಿನದು ಚರಿತ್ರೆ. ಆ ಹೆಂಗಸಿನ ಹೆಸರು ಜಗನ್ಮೋಹಿನಿ ದೇವಿ. ಹತ್ತು ವರ್ಷಗಳ ಹಿಂದೆ, 1862ರಲ್ಲಿ, ಮಹರ್ಷಿ ದೇವೇಂದ್ರನಾಥ ಠಾಕೂರರು ಕೇಶವಚಂದ್ರರಿಗೆ ಬ್ರಾಹ್ಮಸಮಾಜದ ಆಚಾರ್ಯಪದವಿಯನ್ನು ಕೊಟ್ಟಾಗ, ಪತಿ ತನ್ನ ಸಂಗಡ ಬಾ ಎಂದು ಕರೆದರು. ಠಾಕೂರರ ಮನೆಯೆಂದರೆ ಜಾತಿ ಕೆಟ್ಟ ಮನೆಯೆಂದು ಸೇನರ ಮನೆಯ ಹಿರಿಯರ ಭಾವನೆ. ಅವಿಭಕ್ತ ಕುಟುಂಬದ ಹಿರಿಯರೆಲ್ಲ ಕೂಡದೆಂದು ತಡೆದರು. ಇನ್ನೂ ಎಳೆಯ ವಯಸ್ಸಿನ ಆ ಹುಡುಗಿ ಹೊಸಲು ದಾಟಿ ಪತಿಯ ಹಿಂದೆ ನಡೆದಳು. ಅದರ ಫಲವಾಗಿ ಗಂಡಹೆಂಡಿರಿಬ್ಬರೂ ಕೆಲವು ತಿಂಗಳು ಮನೆಯಿಂದ ಹೊರಗಿರಬೇಕಾಯಿತು. ಬೆಡ್‌ಫರ್ಡ್ ಕಾಲೇಜಿಗೆ ತಂದೆಯೇ ಕಳುಹಿಸಿದ ಮಗಳಿಗಿಂತ, ಇಡೀ ಮನೆಯನ್ನು ಎದುರುಹಾಕಿಕೊಂಡು ಹೊಸಲು ದಾಟಿದ ಈ ಹುಡುಗಿಯ ಧೈರ್ಯ ಕಡಮೆಯದೆಂದು ನಾನು ಹೇಳಲಾರೆ. ಆದರೆ ಇದು ಕಣ್ಣಿಗೆ ಕಾಣುವಂಥದಲ್ಲ. ಕಾಣುವುದು ಒಡವೆ. ಮೊದಲನೆಯ ವಾರದ ಕಾಗದದಲ್ಲಿ ಬರುವುದೂ ಒಡವೆಯೇ.

ನನ್ನ ಬಳಿ ಓದಿ ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳು ಕೆಲವರು ನನಗೆ ಕಾಗದ ಬರೆಯುವುದುಂಟು. ಮೊದಲ ತಿಂಗಳ ಕಾಗದಗಳೆಲ್ಲ ಒಂದೇ ಎರಕದವು. ಇಲ್ಲಿಯವರು ನೆರೆಮನೆಯವರ ಸಂಗಡ ಮಾತನಾಡುವುದಿಲ್ಲ, ತಣ್ಣನೆಯ ಊಟ ಮಾಡುತ್ತಾರೆ, ವೃದ್ಧರಾದ ತಾಯಿತಂದೆಗಳನ್ನು ಬೇರೆ ಇಡುತ್ತಾರೆ. ಒಂದು ವರ್ಷ ಕಳೆದ ಮೇಲಿನ ಕಾಗದದಲ್ಲಿ ‘ಇಲ್ಲಿಯವರು’ ಎಂಬ ಮಾತೇ ಬರುವುದಿಲ್ಲ. ಮನೆಯೊಡತಿಯ ಮೊಣಕಾಲು ನೋವು, ಎದುರುಮನೆಯ ಹುಡುಗನ ಪರೀಕ್ಷೆ, ಇಂಥವು ಬರುತ್ತವೆ. ಆದುದರಿಂದ ಆನೆಟ್ಟಳ ಮೊದಲ ಕಾಗದಗಳಿಗಾಗಿ ನಾನು ಆಕೆಯನ್ನು ದೂರುವುದಿಲ್ಲ. ಆ ಕಾಗದಗಳು ಮುಂದೆ ಎತ್ತ ಬೆಳೆದುವೆಂಬುದು ಬೇರೆಯ ಪ್ರಶ್ನೆ.

ಬೆಳೆದುದು ಜಗಳವಾಗಿ. ಕೇಶವಚಂದ್ರರು ಸ್ತ್ರೀಯರಿಗೆ ವಿದ್ಯೆ ಬೇಕೆನ್ನುತ್ತಿದ್ದುದು ನಿಜ. ಆದರೆ ರೇಖಾಗಣಿತ, ತರ್ಕ ಮೊದಲಾದ ಪುರುಷರ ಪಾಠಗಳೇ ಸ್ತ್ರೀಯರಿಗೂ ಬೇಕೆಂಬುದನ್ನು ಅವರು ಒಪ್ಪುತ್ತಿರಲಿಲ್ಲ. ಗೃಹಿಣಿಗೆ ಒಪ್ಪುವ ವಿದ್ಯೆ ಬೇರೆಯೆಂಬುದು ಅವರ ಮತ. ಆನೆಟ್ ಇದನ್ನು ವಂಚನೆಯೆಂದೇ ತಿಳಿದಳು. ಸಮಾಜದಲ್ಲಿಯೇ ಎಡಬಲಗಳಿದ್ದುವು. ಪ್ರಾರ್ಥನಾಮಂದಿರದಲ್ಲಿ ತಮ್ಮ ಮನೆಯ ಹೆಂಗಸರು ಪರದೆಯ ಹೊರಗೆ ಕುಳಿತುಕೊಳ್ಳಬೇಕೆಂದು 1872ರಲ್ಲಿಯೇ ಹಟಹಿಡಿದ ದುರ್ಗಾಮೋಹನ ದಾಸರು, ಬ್ಯಾರಿಸ್ಟರ್ ಮನಮೋಹನ ಘೋಷರು, ‘ಅಬಲಾಬಾಂಧವ’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದ ದ್ವಾರಕಾನಾಥ ಗಂಗೂಲಿಯವರು ಒಂದು ಕಡೆ. ಕೇಶವಚಂದ್ರರೂ ಅವರ ಭಕ್ತರೂ ಮತ್ತೊಂದು ಕಡೆ. ಆಕೆ ಮೊದಲನೆಯ ಪಂಗಡವನ್ನು ಸೇರಿದಳು. ಪತ್ರಿಕೆಗಳಲ್ಲಿ ವಾದವಿವಾದಗಳಾದುವು. ಕರೆದವರ ಮನೆಯ ಬಾಗಿಲು ಹೀಗೆ ಒಂದು ವರ್ಷದೊಳಗೆ ಮುಚ್ಚಿಹೋಯಿತು.

ಉಡುಪಿನ ವಿಷಯದಲ್ಲಿಯೂ ಆಕೆಯ ಕಾಗದಗಳಲ್ಲಿ ಖಂಡಿತವಾದ ಅಭಿಪ್ರಾಯಗಳಿವೆ. ಬಂಗಾಳದ ಹೆಂಗಸರು ಆಗ ಉಡುತ್ತಿದ್ದುದು ತೆಳುವಾದ ಒಂದೇ ಸೀರೆ. ಮನೆಯೊಳಗಿರುವವರಿಗೆ ಅದು ಸಾಕಾಗಿತ್ತು. ಈ ಉಡುಪಿನಲ್ಲಿ ಇವರು ಹೊರಗೆ ಬರಲಾರರು, ಮೊದಲು ಇದು ಬದಲಾಗಬೇಕು ಎಂದು ಆಕೆಯ ನಿರ್ಣಯ. ಮಾತು ಸುಳ್ಳಲ್ಲ. ಆದರೆ ಅದೇ ವರ್ಷಗಳಲ್ಲಿ, ಯಾವ ಇಂಗ್ಲಿಷ್ ಉಪಾಧ್ಯಾಯಿನಿಯ ಮಾತಿಗೂ ಕಾಯದೆ, ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿಯವರು ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರು ಉಡುವ ಬಗೆಯನ್ನು ನೋಡಿ, ಕುಪ್ಪಸ ಲಂಗಗಳ ಮೇಲೆ ಸೀರೆಯನ್ನುಡುವ ಹೊಸ ರೀತಿಯನ್ನು ಬಂಗಾಳಕ್ಕೆ ತಂದಿದ್ದರು. ಸುಧಾರಣೆ ಅಡಿಗೆಮನೆಯ ಕಡೆಯಿಂದಲೂ ಬರುತ್ತಿತ್ತು. ಆನೆಟ್ ಮುಂಬಾಗಿಲಲ್ಲಿ ನಿಂತಿದ್ದಳು. ಪುಸ್ತಕದ ಹಾಳೆಯೊಂದನ್ನು ಕದ್ದು, ಒಲೆಯ ಮುಂದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ತನಗೆ ತಾನೇ ಓದು ಕಲಿತ ರಾಸಸುಂದರಿ ದೇವಿ ಎಂಬಾಕೆಯ ಆತ್ಮಚರಿತ್ರೆ ಬಂಗಾಳಿಯಲ್ಲಿ ಅಚ್ಚಾದುದೂ ಸುಮಾರಾಗಿ ಈ ಕಾಲದಲ್ಲಿಯೇ.

ಆದರೂ ಆಕೆ ಮಾಡಿದ ಕೆಲಸವನ್ನು ಹೇಳದಿದ್ದರೆ ಅದು ನ್ಯಾಯವಲ್ಲ. 1873ರಲ್ಲಿ ‘ಹಿಂದೂ ಮಹಿಳಾ ವಿದ್ಯಾಲಯ’ ಎಂಬ ಶಾಲೆ ಕಲ್ಕತ್ತೆಯಲ್ಲಿ ತೆರೆಯಿತು. ಬೆಳೆದ ಹುಡುಗಿಯರು ಅಲ್ಲಿಯೇ ಇದ್ದು, ಅಲ್ಲಿಯೇ ಉಂಡು, ಓದುವ ಶಾಲೆ. ಆಗಿನ ಬಂಗಾಳದಲ್ಲಿ ಹುಡುಗಿಗೆ ಹತ್ತು ಹನ್ನೆರಡು ವರ್ಷವಾಯಿತೆಂದರೆ ಮದುವೆ, ಮದುವೆಯಾಯಿತೆಂದರೆ ಓದು ಮುಗಿಯಿತು. ಅಂಥ ಕಡೆ ಇಂಥ ಶಾಲೆಗೆ ಮಗಳನ್ನು ಕಳುಹಿಸುವ ತಾಯಿತಂದೆಗಳು ಎಷ್ಟು ಮಂದಿ? ಬೆರಳೆಣಿಕೆಯಷ್ಟು. ದ್ವಾರಕಾನಾಥ ಗಂಗೂಲಿಯವರು ಅಲ್ಲಿ ಪಾಠ ಹೇಳಿದರು. ಆನೆಟ್ ಬಂಗಾಳಿಯನ್ನು ಕಲಿತಳು. ಕೂಲಿಗೆ ಬಂದವಳಲ್ಲವಾದುದರಿಂದ ಬಿಟ್ಟುಹೋಗುವ ಸ್ವಾತಂತ್ರ್ಯ ಎಂದೂ ಇತ್ತು, ಆದರೂ ಬಿಡಲಿಲ್ಲ. ಸಭೆಯಲ್ಲಿ ಭರವಸೆ ಕೊಟ್ಟವರು ಹಣ ಕೊಡುವ ದಿನ ಕಾಣಿಸದಿದ್ದುದು, ಹುಡುಗಿಯರಿಗೆ ಇಂಗ್ಲಿಷು ರೀತಿಗಳನ್ನು ಕಲಿಸಿ ಕೆಡಿಸುತ್ತಾಳೆಂದು ಜನ ಆಡಿಕೊಂಡದ್ದು, ಬಿಸಿಲು, ಬೇಸರ, ಒಂಟಿತನ ಇವೆಲ್ಲ ಆಕೆಯ ಪಾಲಿಗೆ ಬಂದುವು. ಶಾಲೆಯನ್ನು ನಡೆಸಿದ ಅನುಭವವುಳ್ಳ ಯಾರಾದರೂ ಈ ಭಾಗವನ್ನು ಓದಿದರೆ ಮರುಗದೆ ಇರಲಾರರು.

ಆ ಶಾಲೆಯ ಹುಡುಗಿಯರೂ ಊರಿಗೆ ಕಾಗದ ಬರೆದಿರಬೇಕು. ಅಕ್ಷರ ಕಲಿತು ಮನೆಯಿಂದ ದೂರವಿರುವ ಹುಡುಗಿ ತಾಯಿಗೆ ಕಾಗದ ಬರೆಯದೆ ಬಿಟ್ಟಾಳೆಯೆ? ‘ನಮ್ಮ ಮೇಮ್‌ಸಾಹೇಬರು ಹೀಗೆ ಉಣ್ಣುತ್ತಾರೆ, ಹೀಗೆ ಗದರುತ್ತಾರೆ, ನಮ್ಮ ಮಾತನ್ನು ಹೀಗೆ ತಿರುಚಿ ಆಡುತ್ತಾರೆ’ ಎಂದು ನಗುತ್ತ ಬರೆದಿರಬಹುದು. ರಾತ್ರಿ ಜ್ವರ ಬಂದಾಗ ಪಕ್ಕದಲ್ಲಿ ಕುಳಿತಿದ್ದರೆಂದೂ ಬರೆದಿರಬಹುದು. ಬೆವರಿಜ್‌ನ ಪೆಟ್ಟಿಗೆಯಲ್ಲಿದ್ದುದು ಆತನ ತಾಯಿತಂದೆಗಳ ಕಾಗದಗಳು. ಹುಡುಗಿಯರವು ಅದರಲ್ಲಿ ಹೇಗಿದ್ದಾವು? ಲಂಡನ್ನಿನ ಮನೆಗಳಲ್ಲಿ ಹಳೆಯ ಕಾಗದವನ್ನು ಕಟ್ಟಿ ಮೇಲಟ್ಟದಲ್ಲಿಡುತ್ತಿದ್ದರು. ನಮ್ಮಲ್ಲಿ ಕಾಗದವನ್ನು ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದೆವು. ತಂತಿ ತುಂಬಿದಾಗ ನೀರೊಲೆಗೆ ಹಾಕುತ್ತಿದ್ದೆವು. ಚರಿತ್ರೆಯಲ್ಲಿ ಅವರ ಮಾತು ಹೆಚ್ಚಾಗಿಯೂ ನಮ್ಮ ಮಾತು ಕಡಮೆಯಾಗಿಯೂ ಕೇಳಿಸುವುದಕ್ಕೆ ಈ ನೀರೊಲೆಯೂ ಒಂದು ಕಾರಣ.

1875ರ ಏಪ್ರಿಲಿನಲ್ಲಿ ಆನೆಟ್ ಹೆನ್ರಿ ಬೆವರಿಜ್ ಎಂಬಾತನನ್ನು ಮದುವೆಯಾದಳು. ಈತನು ಬಂಗಾಳದ ಸಿವಿಲ್ ಸರ್ವಿಸಿನಲ್ಲಿದ್ದ ಸ್ಕಾಟ್ಲೆಂಡಿನವನು. ಬಾಕರ್‌ಗಂಜ್ ಜಿಲ್ಲೆಯ ಚರಿತ್ರೆಯನ್ನು ಬರೆದ ವಿದ್ವಾಂಸ. ಶಾಲೆಗೆ ಸಹಾಯದ್ರವ್ಯ ಕಳುಹಿಸಿದವರಲ್ಲಿ ಒಬ್ಬ. ಭಾರತೀಯರಿಗೆ ಸ್ವರಾಜ್ಯ ಬರಬೇಕೆಂದು ಬಹಿರಂಗವಾಗಿ ಹೇಳಿ, ಮೇಲಿನವರ ಅವಕೃಪೆಗೆ ಪಾತ್ರನಾದವನು. ಮದುವೆಯೊಡನೆ ಆಕೆಯ ಉಪಾಧ್ಯಾಯವೃತ್ತಿ ಮುಗಿಯಿತು. ಎರಡೂವರೆ ವರ್ಷಕ್ಕೂ ಕಡಮೆಯ ಕಾಲ. ಶಾಲೆ ನಿಂತುಹೋಯಿತು, ಆದರೆ ಅದರ ಬಂಗಾಳಿ ಮಿತ್ರರು 1876ರಲ್ಲಿ ‘ಬಂಗ ಮಹಿಳಾ ವಿದ್ಯಾಲಯ’ ಎಂಬ ಹೆಸರಿನಿಂದ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. 1878ರಲ್ಲಿ ಅದು ಬೆಥೂನ್ ಶಾಲೆಯಲ್ಲಿ ಸೇರಿಹೋಯಿತು.

ಅದೇ 1878ರಲ್ಲಿ ಮತ್ತೊಂದು ಸಂಗತಿ ನಡೆಯಿತು. ಕೇಶವಚಂದ್ರರು ತಮ್ಮ ಮಗಳನ್ನು ಕೂಚ್‌ಬಿಹಾರದ ಮಹಾರಾಜರಿಗೆ ಮದುವೆಮಾಡಿಕೊಟ್ಟರು. ಹುಡುಗಿಗೆ ಹದಿನಾಲ್ಕು ತುಂಬಿರಲಿಲ್ಲ. ಹೆಣ್ಣಿಗೆ ಹದಿನಾಲ್ಕಾದರೂ ಆಗಿರಬೇಕೆಂದು ವಿಧಿಸಿದ 1872ರ ವಿವಾಹಶಾಸನ ಕೇಶವಚಂದ್ರರ ಪ್ರಯತ್ನದಿಂದಲೇ ಆದುದು. ಸಮಾಜ ಒಡೆದು ಎರಡಾಯಿತು. ಹೀಗಾಗಿ, ಕೇಶವಚಂದ್ರರ ಮಾತಿಗೂ ಮನೆಗೂ ನಡುವೆ ಅಂತರವಿದೆಯೆಂದು ಆ ಇಂಗ್ಲಿಷ್ ತರುಣಿ ಮೊದಲನೆಯ ವಾರದಲ್ಲಿ ಊಹಿಸಿದ್ದು ಪೂರ್ತಿ ತಪ್ಪಾಗಲಿಲ್ಲ. ಅದರ ಗುರುತನ್ನು ಆಕೆ ಕಂಡದ್ದು ಮಾತ್ರ ತಪ್ಪು ಜಾಗದಲ್ಲಿ, ಮಾತನಾಡದೆ ಕುಳಿತಿದ್ದ ಹೆಂಗಸಿನ ಕೊರಳಲ್ಲಿ.

ಇನ್ನು 1883ಕ್ಕೆ ಬರೋಣ. ಮುಫಸ್ಸಿಲಿನಲ್ಲಿ, ಎಂದರೆ ರಾಜಧಾನಿಯ ಪಟ್ಟಣಗಳ ಹೊರಗೆ, ಯೂರೋಪಿಯನ್ ಆಪಾದಿತನನ್ನು ಭಾರತೀಯ ನ್ಯಾಯಾಧೀಶನು ವಿಚಾರಣೆ ಮಾಡುವಂತಿರಲಿಲ್ಲ. ಈ ತಾರತಮ್ಯವನ್ನು ತೆಗೆಯಲು ವೈಸರಾಯ್ ರಿಪನ್ನರ ಕಾಲದಲ್ಲಿ ಇಲ್ಬರ್ಟ್ ಎಂಬ ನ್ಯಾಯಸಚಿವರು ಮಸೂದೆಯೊಂದನ್ನು ತಂದರು. ಇದು ಬಂಗಾಳದ ವಿಚಾರ ಮಾತ್ರವಲ್ಲ. ಜ್ಞಾನದಾನಂದಿನಿ ದೇವಿಯವರ ಪತಿ ಸತ್ಯೇಂದ್ರನಾಥ ಠಾಕೂರರು ಆ ಕಾಲದಲ್ಲಿ ನಮ್ಮ ಕಾರವಾರದಲ್ಲಿಯೇ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಆ ಕಡಲತೀರದಲ್ಲಿ ಕೆಲವು ಕಾಲ ತಂಗಿದ್ದುದನ್ನು ತಾವು ಬಲ್ಲಿರಿ. ಸಿವಿಲ್ ಸರ್ವಿಸಿನ ಮೊದಲನೆಯ ಭಾರತೀಯನಾದ ಆ ಸತ್ಯೇಂದ್ರನಾಥರ ಮುಂದೆ ನಿಲ್ಲುವುದು ಇಂಗ್ಲಿಷರಿಗೆ ಅವಮಾನವೆಂಬುದೇ ಮಸೂದೆಯ ವಿರೋಧಿಗಳ ವಾದ.

ಈ ಕೋಲಾಹಲದ ನಡುವೆ ಬಂಕಿಪುರದಿಂದ ಒಂದು ಕಾಗದ ಬಂದಿತು. ಇದು ಫ್ಯಾನ್ನಿಗೆ ಬರೆದುದಲ್ಲ. ‘ಇಂಗ್ಲಿಷ್‌ಮನ್’ ಪತ್ರಿಕೆಗೆ ಬರೆದು, ಎಲ್ಲರೂ ಓದಲೆಂದೇ ಅಚ್ಚಾದುದು. ಬರೆದವಳು ಆನೆಟ್ ಬೆವರಿಜ್. ತಮ್ಮ ಜನಾಂಗದ ಹೆಂಗಸರನ್ನೇ ಮೇಲೆತ್ತಲು ಏನನ್ನೂ ಮಾಡದ ಗಂಡಸರ ಅಧಿಕಾರಕ್ಕೆ ಸುಸಂಸ್ಕೃತರಾದ ಇಂಗ್ಲಿಷ್ ಸ್ತ್ರೀಯರನ್ನು ಒಳಪಡಿಸುವುದು ಅವಮಾನಕರವೆಂದು ಆಕೆಯ ವಾದ. ಮಸೂದೆಯನ್ನು ಬೆಂಬಲಿಸುತ್ತಿದ್ದ ಗಂಡ ಅದೇ ಮನೆಯಲ್ಲಿದ್ದನು. ಆ ದಿನ ಅವರ ಊಟದ ಮೇಜಿನಲ್ಲಿ ನಡೆದ ಮಾತಿಗೆ ಯಾವ ಕಾಗದವೂ ಬೇಕಾಗಿರಲಿಲ್ಲ.

ಹತ್ತು ವರ್ಷದ ಹಿಂದೆ ಖಾಸಗಿಯಾಗಿ ಬರೆದ ನಿರಾಶೆಯ ಮಾತು ಇಲ್ಲಿ ರಾಜಕೀಯದ ಆಯುಧವಾಗಿದೆ. ಜಗನ್ಮೋಹಿನಿ ದೇವಿಯ ಒಡವೆ, ಕೊಟ್ಟ ಮಾತು ನಡಸದ ಬಾಬುಗಳು, ಬರಲೊಲ್ಲದ ವಿದ್ಯಾರ್ಥಿನಿಯರು, ಎಲ್ಲವೂ ಒಂದು ವಾಕ್ಯವಾಗಿ ಗಟ್ಟಿಕಟ್ಟಿದೆ. ಆಕೆ ಸುಳ್ಳು ಹೇಳಲಿಲ್ಲ. ನಮ್ಮ ಗಂಡಸರ ಮೇಲೆ ಆಕೆ ಹೊರಿಸಿದ ದೋಷದಲ್ಲಿ ಬಹುಭಾಗವನ್ನು ನಾವು ತಲೆತಗ್ಗಿಸಿ ಒಪ್ಪಬೇಕು. ಆದರೆ ಆ ದೋಷಕ್ಕೆ ಪರಿಹಾರವೆಂದು ಕೇಳಿದ್ದು ಭಾರತದ ಸ್ತ್ರೀಗೆ ನ್ಯಾಯವನ್ನಲ್ಲ, ಇಂಗ್ಲಿಷ್ ಸ್ತ್ರೀಗೆ ರಿಯಾಯಿತಿಯನ್ನು. ಹುಡುಗಿಯರಿಗಾಗಿ ಸಮುದ್ರ ದಾಟಿ ಬಂದವಳು ಆ ಹುಡುಗಿಯರನ್ನೇ ಸಾಕ್ಷಿಗೆಳೆದು ಅವರ ಅಣ್ಣತಮ್ಮಂದಿರ ಹಕ್ಕಿಗೆ ಅಡ್ಡ ನಿಂತಳು. ಮಸೂದೆ 1884ರ ಜನವರಿಯಲ್ಲಿ ಹಲ್ಲು ಕಿತ್ತ ಹಾವಿನಂತೆ ಶಾಸನವಾಯಿತು: ಆಪಾದಿತನು ಬಯಸಿದರೆ ಅರ್ಧದಷ್ಟಾದರೂ ಬಿಳಿಯರಿರುವ ಪಂಚಾಯಿತರ ಮುಂದೆ ವಿಚಾರಣೆ.

ಆ 1883ನೆಯ ಇಸವಿಯಲ್ಲಿಯೇ ಕಲ್ಕತ್ತಾ ವಿಶ್ವವಿದ್ಯಾನಿಲಯ ಇಬ್ಬರು ಸ್ತ್ರೀಯರಿಗೆ ಮೊದಲನೆಯ ಸಲ ಬಿ.ಎ. ಪದವಿಯನ್ನು ಕೊಟ್ಟಿತು. ಒಬ್ಬರು ಚಂದ್ರಮುಖಿ ಬಸು. ಮತ್ತೊಬ್ಬರು ಕಾದಂಬಿನಿ ಬಸು; ಬಂಗ ಮಹಿಳಾ ವಿದ್ಯಾಲಯದಲ್ಲಿ ಓದಿ ಬೆಥೂನ್ ಶಾಲೆಗೆ ಬಂದವರು, ಎಂದರೆ ಆನೆಟ್ ಹಚ್ಚಿದ ದೀಪದಿಂದಲೇ ಹತ್ತಿಕೊಂಡ ದೀಪ. ಆ ವರ್ಷವೇ ಅವರು ತಮ್ಮ ಗುರುಗಳಾದ ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾದರು. ಮುಂದೆ ವೈದ್ಯಶಾಸ್ತ್ರವನ್ನು ಓದಿ ವೈದ್ಯರಾದರು. ಹೆಂಗಸರಿಗಾಗಿ ಏನನ್ನೂ ಮಾಡದವರೆಂದು ಬಂಕಿಪುರದ ಕಾಗದದಲ್ಲಿ ಕರೆಯಿಸಿಕೊಂಡ ಜನರ ಪೈಕಿ ಈ ದ್ವಾರಕಾನಾಥರೂ ಸೇರಿದ್ದರಲ್ಲವೆ? ಅವರು ಆಕೆಯ ಶಾಲೆಯಲ್ಲಿ ಆಕೆಯ ಪಕ್ಕದಲ್ಲಿ ನಿಂತು ಪಾಠ ಹೇಳಿದವರು.

ಆನೆಟ್ ಅಲ್ಲಿಗೆ ನಿಲ್ಲಲಿಲ್ಲ. ನಡುವಯಸ್ಸು ಮೀರಿದ ಮೇಲೆ, ಕಿವಿ ಮಂದವಾದ ಮೇಲೆ, ಗಂಡನ ಸಂಗಡ ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ, ಆಕೆ ಪಾರಸಿಯನ್ನೂ ತುರ್ಕಿಯನ್ನೂ ಕಲಿತಳು. ಬಾಬರನ ಆತ್ಮಕಥೆಯನ್ನು ಮೂಲ ಚಗತಾಯಿ ತುರ್ಕಿಯಿಂದ ಇಂಗ್ಲಿಷಿಗೆ ಪರಿವರ್ತಿಸಿದಳು. ಅದು 1922ರಲ್ಲಿ ಪೂರ್ತಿಯಾಗಿ ಪ್ರಕಟವಾದಾಗ ಆಕೆಗೆ ಎಪ್ಪತ್ತೊಂಬತ್ತು ವರ್ಷ. ನಮ್ಮ ಕಾಲೇಜುಗಳಲ್ಲಿ ಮೊಗಲ್ ಚರಿತ್ರೆಯನ್ನು ಓದಿದವರೆಲ್ಲ ಆ ಗ್ರಂಥದ ಋಣದಲ್ಲಿರುವವರೇ.

ಅದಕ್ಕಿಂತ ಮೊದಲು, 1902ರಲ್ಲಿ, ಆಕೆ ಹೊರತಂದುದು ‘ಹುಮಾಯೂನ್‌ನಾಮಾ’. ಇದನ್ನು ಬರೆದವಳು ಬಾಬರನ ಮಗಳು ಗುಲ್‌ಬದನ್ ಬೇಗಂ. ಅಣ್ಣನ ಮಗ ಅಕ್ಬರನ ಕೋರಿಕೆಯಂತೆ ತನ್ನ ನೆನಪುಗಳನ್ನು ಬರೆದಿಟ್ಟ ಹೆಂಗಸು. ಬಾಳಿನ ಬಹುಕಾಲವನ್ನು ಪರದೆಯ ಹಿಂದೆ ಕಳೆದವಳು. ಆ ಬರಹದಲ್ಲಿ ಯುದ್ಧಗಳು ಕಡಮೆ. ಯಾರ ಮದುವೆಯಲ್ಲಿ ಯಾರು ಎಲ್ಲಿ ಕುಳಿತರು, ಯಾರಿಗೆ ಯಾವ ಒಡವೆ ಬಂದಿತು, ಯಾವ ಅತ್ತೆ ಯಾವ ಮಾತನ್ನಾಡಿದಳು, ಮಗುವನ್ನು ಕಳೆದುಕೊಂಡ ತಾಯಿ ಹೇಗೆ ಅತ್ತಳು, ಇಂಥವೇ ಹೆಚ್ಚು. ಈ ಬರಹದ ಒಂದೇ ಒಂದು ಹಸ್ತಪ್ರತಿ ಲಂಡನ್ನಿನಲ್ಲಿ ಆಕೆಗೆ ದೊರೆಯಿತು. ಕೊನೆಯ ಹಾಳೆಗಳಿಲ್ಲ, ಕಥೆ ನಡುವೆಯೇ ನಿಂತುಹೋಗುತ್ತದೆ. ಆನೆಟ್ ಅದರ ಒಂದೊಂದು ಹೆಂಗಸಿನ ಹೆಸರನ್ನೂ ಹಿಡಿದು, ಈಕೆ ಯಾರ ಮಗಳು, ಯಾರ ಮಡದಿ, ಏನಾದಳು ಎಂದು ಹುಡುಕಿ ಹುಡುಕಿ, ಗ್ರಂಥದ ಕೊನೆಯಲ್ಲಿ ಉದ್ದವಾದ ಅನುಬಂಧವೊಂದನ್ನು ಸೇರಿಸಿದ್ದಾಳೆ. ಅದರಲ್ಲಿ ಇನ್ನೂರಕ್ಕೆ ಹತ್ತಿರವಾಗುವಷ್ಟು ಬೇಗಮರ ವಿವರಗಳು ಅಕ್ಷರಾನುಕ್ರಮವಾಗಿ ಬರುತ್ತವೆ.